‘ಫೈನ್’ ಅಂದರೆ ಬೇಕೋ, ಬೇಡವೋ? ಕೊಡಗಿನಿಂದ ಇಂಗ್ಲೆಂಡಿಗೆ ಹೋಗುವವರಿಗೆ

ಕೊಡಗಿನ ಮನೆಗಳಲ್ಲಿ ಬಂದವರನ್ನು ಕಾಫಿ ಬೇಕೇ ಎಂದು ಕೇಳುತ್ತಾ ಕೂರುವುದಿಲ್ಲ, ತಂದು ಕೈಗೆ ಕೊಡುತ್ತಾರೆ. ಬೇಡ ಅಂದರೂ ಇನ್ನೆರಡು ಸಲ ಒತ್ತಾಯ ಮಾಡುತ್ತಾರೆ. ಆ ನಂಬಿಕೆಯಲ್ಲಿ ಇಂಗ್ಲೆಂಡಿನಲ್ಲಿ ಯಾರಾದರೂ ಕಾಫಿ ಕೊಡಲೇ ಎಂದಾಗ ಸಂಕೋಚಪಟ್ಟು ‘ಐ ಆಮ್ ಫೈನ್’ ಅಂದಿರೋ, ಕಾಫಿ ಬರುವುದಿಲ್ಲ. ಅಲ್ಲಿ ಅದರ ಅರ್ಥ ‘ನನಗೆ ಬೇಡ’. ಎರಡನೇ ಸಲ ಕೇಳುವುದು ಒತ್ತಡ ಹಾಕಿದಂತೆ ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಬೇಕಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಅನ್ನಿ.

ಫೈನ್ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಎನ್ನುವುದನ್ನು ಗಮನಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ನಾಮಪದಕ್ಕಿಂತ ಮೊದಲು ಬಂದರೆ ಸಾಮಾನ್ಯವಾಗಿ ಹೊಗಳಿಕೆ: ‘ಎ ಫೈನ್ ಕುಕ್’ ಅಂದರೆ ಕೈ ಪಳಗಿದ ಅಡುಗೆಯವರು. (‘ಎ ಫೈನ್ ಮೆಸ್’ ಮಾತ್ರ ವ್ಯಂಗ್ಯ, ನಾವು ‘ಒಳ್ಳೇ ಫಜೀತಿ’ ಅನ್ನುವ ಹಾಗೆ.) ಕೊನೆಯಲ್ಲಿ ಬಂದರೆ ಬರೀ ‘ಪರವಾಗಿಲ್ಲ’. ಊಟಕ್ಕೆ ಕರೆದವರಿಗೆ ‘ದ ಫುಡ್ ವಾಸ್ ಫೈನ್’ ಅಂದರೆ ಅವರ ಮುಖ ಸಣ್ಣದಾಗುತ್ತದೆ, ‘ಲವ್ಲಿ’ ಅನ್ನಬೇಕು. ಹಾಗೆಯೇ, ನಿಮ್ಮ ಪಂದಿಕರಿ ತಿಂದ ಇಂಗ್ಲಿಷ್ ಅತಿಥಿ ‘ಇಟ್ಸ್ ಫೈನ್’ ಅಂದು ತಟ್ಟೆ ಸರಿಸಿದರೆ ಮತ್ತೆ ಬಡಿಸಲು ಹೋಗಬೇಡಿ. ಮೆಸೇಜಿನಲ್ಲಿ ‘ಫೈನ್’ ಒಂದೇ ಪದ, ಅದರ ಕೊನೆಗೊಂದು ಪೂರ್ಣವಿರಾಮ ಬಂತೆಂದರೆ ಎದುರಿನವರು ಒಪ್ಪಿದ್ದರೂ ಮುನಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಆರೋಗ್ಯದ ಮಾತಿನಲ್ಲಿ ‘ಐ ಆಮ್ ವೆರಿ ಫೈನ್’ ಎನ್ನುವುದು ನಮ್ಮವರಲ್ಲಿ ತೀರಾ ಸಾಮಾನ್ಯ. ಅಲ್ಲಿಯವರು ಹಾಗನ್ನುವುದಿಲ್ಲ; ‘ಫೈನ್, ಥ್ಯಾಂಕ್ಸ್’ ಸಾಕು, ಒತ್ತಿ ಹೇಳಬೇಕಿದ್ದರೆ ‘ಅಬ್ಸಲ್ಯೂಟ್ಲಿ ಫೈನ್’. ನಿನ್ನೆಗಿಂತ ವಾಸಿ ಎನ್ನಲು ‘ಫೈನರ್’ ಬಾರದು, ‘ಬೆಟರ್’. ಜಿಪಿ ಅಂದರೆ ಸ್ಥಳೀಯ ವೈದ್ಯರ ಬಳಿ ಸಿಗುವ ಸಮಯ ಸುಮಾರು 10 ನಿಮಿಷ. ಅವರು ‘ಹೌ ಆರ್ ಯೂ?’ ಅಂದ ಕೂಡಲೇ ಅಭ್ಯಾಸಬಲದಿಂದ ‘ಫೈನ್’ ಅಂದು ಆಮೇಲೆ ಎದೆನೋವಿನ ವಿಷಯ ತೆಗೆದರೆ ಅದರ ತೂಕವೇ ಕಡಿಮೆಯಾಗುತ್ತದೆ. ನೋವು ಎಲ್ಲಿ, ಯಾವಾಗಿನಿಂದ ಎಂಬುದೇ ಮೊದಲ ಮಾತಾಗಲಿ.

ಇನ್ನೊಂದು ಅರ್ಥ ನುಣುಪು, ಸಣ್ಣದು. ‘ಫೈನ್ ರೇನ್’ ಒಳ್ಳೆಯ ಮಳೆಯಲ್ಲ, ಜಡಿಯದೆ ಜಿನುಗುವ ತುಂತುರು. ‘ಫೈನ್ ವೆದರ್’ ಮಳೆಯಿಲ್ಲದ ದಿನ. ಕರಾರುಪತ್ರದ ‘ಫೈನ್ ಪ್ರಿಂಟ್’ ಸಣ್ಣಕ್ಷರದ ಷರತ್ತುಗಳು. ಬಾಡಿಗೆ ಮನೆಗೆ ಸಹಿ ಹಾಕುವ ಮುಂಚೆ ಓದಲೇಬೇಕಾದದ್ದು ಅದೇ.

ನಮ್ಮವರಿಗೆ ಈ ಅರ್ಥ ಹೆಚ್ಚಾಗಿ ಬೇಕಾಗುವುದು ಕಾಫಿಪುಡಿಗೆ. ಅಂಗಡಿಯಲ್ಲಿ ಬೀಜ ಪುಡಿ ಮಾಡಿಸುವಾಗ ಬರೀ ‘ಫೈನ್’ ಅಂದರೆ ಎಸ್ಪ್ರೆಸೊ ಯಂತ್ರದ ಹದಕ್ಕೆ ಅರೆದು ಕೊಡಬಹುದು. ಅದನ್ನು ನಮ್ಮ ಫಿಲ್ಟರಿಗೆ ಹಾಕಿದರೆ ಪುಡಿ ನೆನೆದು ತೂತುಗಳನ್ನು ಮುಚ್ಚಿ, ಡಿಕಾಕ್ಷನ್ ಇಳಿಯುವುದೇ ನಿಲ್ಲುತ್ತದೆ. ಕೆಫೆಟಿಯರ್‌ಗೆಂದು (ಜಾಲರಿ ಒತ್ತಿ ಕಾಫಿ ಸೋಸುವ ಹೂಜಿ) ಮಾರುವ ತರಿಪುಡಿಯಲ್ಲಿ ನೀರು ಸರ್ರನೆ ಹರಿದು ತೆಳ್ಳನೆಯ ಕಂದು ನೀರು ಸಿಗುತ್ತದೆ. ‘ಮೀಡಿಯಂ ಫೈನ್’ ಎಂದೇ ಕೇಳಿ. ನುಣುಪು ಪುಡಿ ಈಗಾಗಲೇ ಮನೆಗೆ ಬಂದಿದ್ದರೆ ಒತ್ತುಬಿಲ್ಲೆಯಿಂದ ಅದುಮದೆ ಸಡಿಲವಾಗಿ ಬಿಡಿ. ಪೊಟ್ಟಣದ ಮೇಲಿನ ‘ಸ್ಟ್ರೆಂತ್’ ಸಂಖ್ಯೆಗೂ ಪುಡಿಯ ನುಣುಪಿಗೂ ಸಂಬಂಧವಿಲ್ಲ.

ಕೊನೆಗೆ, ದಂಡದ ಫೈನ್. ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಪಾರ್ಕಿಂಗ್ ‘ಪೆನಾಲ್ಟಿ ಚಾರ್ಜ್ ನೋಟಿಸ್’ ಅನ್ನು ಸಾಮಾನ್ಯವಾಗಿ 14 ದಿನದೊಳಗೆ ಕಟ್ಟಿದರೆ ಅರ್ಧಕ್ಕೆ ಮುಗಿಯುತ್ತದೆ. ಸೂಪರ್‌ಮಾರ್ಕೆಟ್ ಆವರಣದಲ್ಲಿ ಖಾಸಗಿ ಕಂಪನಿ ಕಳಿಸುವ ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಸರ್ಕಾರಿ ದಂಡವಲ್ಲ, ಕರಾರು ಮುರಿದದ್ದಕ್ಕೆ ಕೇಳುವ ಹಣ. ಹಾಗೆಂದು ಕಸಕ್ಕೆ ಎಸೆಯಬೇಡಿ, ಅವರು ಕೋರ್ಟಿಗೂ ಹೋಗಬಹುದು.

ಮಕ್ಕಳಿರುವವರಿಗೆ ಇದಕ್ಕಿಂತ ದೊಡ್ಡದು ಶಾಲೆಯ ಫೈನ್. ಊರಿಗೆ ಹೋಗಬೇಕೆನಿಸುವ ಸುಗ್ಗಿಹಬ್ಬ ಹುತ್ತರಿ ಬರುವುದು ನವೆಂಬರ್–ಡಿಸೆಂಬರಿನಲ್ಲಿ, ಆಗ ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಅನುಮತಿಯಿಲ್ಲದೆ 10 ಶಾಲಾ ವಾರಗಳಲ್ಲಿ 5 ದಿನದಷ್ಟು ಗೈರಾದರೆ ದಂಡ ಬೀಳಬಹುದು. 2024ರ ಆಗಸ್ಟಿನಿಂದ ಅದು ಮೊದಲ ಸಲಕ್ಕಾದರೆ 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28ನೇ ದಿನದವರೆಗೆ 160. ಇದು ಪ್ರತಿ ಮಗುವಿಗೆ, ಪ್ರತಿ ಪೋಷಕರಿಗೆ ಪ್ರತ್ಯೇಕ: ಎರಡು ಮಕ್ಕಳ ತಂದೆ ತಾಯಿಗೆ ಬೇಗ ಕಟ್ಟಿದರೂ 320 ಪೌಂಡ್. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಹೆಡ್‌ಟೀಚರನ್ನು ಬರವಣಿಗೆಯಲ್ಲಿ ಕೇಳಿ. ಕಾರಣ ವಿಶೇಷವೆಂದು ಅವರಿಗೆ ಅನಿಸಿದರೆ ಮಾತ್ರ ರಜೆ. ಎಷ್ಟು ದಿನ ಎನ್ನುವುದೂ ಅವರದೇ ತೀರ್ಮಾನ.