ನಮ್ಮ ಮನೆಯ ಫೋನ್ ಖರ್ಚು ಇಳಿಸಿದ ಬಗೆ

ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ಸಿಮ್, ಜೊತೆಗೊಂದು ಫೈಬರ್ ಲೈನ್. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೊಂದು ರೀಚಾರ್ಜ್ ದರ ಏರಿಸಿದಾಗ ಪೇಟೆಯಲ್ಲಿ ಸಿಕ್ಕವರ ಬಾಯಲ್ಲೆಲ್ಲ ಅದೇ ಮಾತು. ಯಾವ ಕಂಪನಿಯದು ಸೋವಿ ಎಂದು ಎಲ್ಲರೂ ಕೇಳುತ್ತಿದ್ದರು. ನಾನು ಕೇಳಿಕೊಂಡ ಪ್ರಶ್ನೆ ಬೇರೆ: ನಮ್ಮನೆಯಲ್ಲಿ ಯಾರ ಸಿಮ್ ಏನು ಕೆಲಸಕ್ಕೆ ಬೇಕು?

ತೋಟದ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಒಬ್ಬೊಬ್ಬರದನ್ನೇ ಬರೆದೆ. ಮಗ ಹುಬ್ಬಳ್ಳಿಯಲ್ಲಿ ಓದುತ್ತಾನೆ, ಅವನಿಗೆ ದಿನವಿಡೀ ಇಂಟರ್ನೆಟ್ ಬೇಕೇ ಬೇಕು. ಹೆಂಡತಿ ಸ್ವಸಹಾಯ ಸಂಘದ ಕೆಲಸಕ್ಕೆ ಊರೂರು ಓಡಾಡುತ್ತಾಳೆ, ಹೋದಲ್ಲೆಲ್ಲ ಫೋನ್‌ಪೇ ಬೇಕು. ಇವರಿಬ್ಬರ ಪ್ಯಾಕ್ ಮುಟ್ಟಲಿಲ್ಲ. ಉಳಿದದ್ದು ಆಯಿ (ನನ್ನ ತಾಯಿ) ಮತ್ತು ನಾನು. ಆಯಿ ಮನೆ ಬಿಟ್ಟು ಹೋಗುವುದು ದೇವಸ್ಥಾನಕ್ಕೆ, ನೆಂಟರ ಮನೆಗೆ. ನಾನು ಹೆಚ್ಚಿನ ಹೊತ್ತು ಇರುವುದು ತೋಟದಲ್ಲಿ, ಅಲ್ಲಿ ಮಾತಿಗೆ ರೇಂಜ್ ಸಿಕ್ಕರೆ ದೊಡ್ಡದು, ನೆಟ್ ಓಡುವುದಿಲ್ಲ. ಮನೆಗೆ ಬಂದರೆ ವೈಫೈ ಇದೆ. ಅಂದರೆ ನಾವಿಬ್ಬರೂ ದಿನಕ್ಕೆ ಒಂದು ಜಿಬಿ ಡೇಟಾಕ್ಕೆ ದುಡ್ಡು ಕೊಟ್ಟು, ಅದನ್ನು ಬಳಸದೆ ರಾತ್ರಿ ಹನ್ನೆರಡಕ್ಕೆ ಕಳೆದುಕೊಳ್ಳುತ್ತಿದ್ದೆವು. ಆಯಿಯನ್ನು ಕೇಳಿದರೆ, "ಯಂಗೆ ಇಂಟರ್ನೆಟ್ಟು ಎಂತಕ್ಕೋ ತಮಾ, ಫೋನು ಬಂದ್ರೆ ಸಾಕು" ಎಂದಳು.

ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕೆಂದು ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇಂಥ ವಿಶೇಷ ಪ್ಯಾಕಿನ ಅವಧಿ 90 ದಿನ ಮೀರುವಂತಿರಲಿಲ್ಲ, ಅದನ್ನೂ 365 ದಿನಕ್ಕೆ ಏರಿಸಿತು. ಮರುತಿಂಗಳೇ ಅಂಥ ಪ್ಯಾಕ್ ಬಂದವು. ಆಗ ಏರ್‌ಟೆಲ್‌ನಲ್ಲಿ 84 ದಿನಕ್ಕೆ 469 ರೂಪಾಯಿ, 365 ದಿನಕ್ಕೆ 1849. ಜಿಯೋದಲ್ಲಿ 84 ದಿನಕ್ಕೆ 448, ದೊಡ್ಡ ಪ್ಯಾಕಿಗೆ 1748. ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1748ರ ಪ್ಯಾಕ್ 336 ದಿನದ್ದು, ವರ್ಷಕ್ಕೆ 29 ದಿನ ಕಡಿಮೆ. ದಿನದ ಲೆಕ್ಕ ಹಾಕಿದರೆ 1748ರದ್ದು 5 ರೂಪಾಯಿ 20 ಪೈಸೆ, 1849ರದ್ದು 5 ರೂಪಾಯಿ 7 ಪೈಸೆ. ನೂರು ರೂಪಾಯಿ ಹೆಚ್ಚು ಕಂಡದ್ದೇ ಕಡಿಮೆ ಬೀಳುತ್ತಿತ್ತು. ದರ ಆಗಾಗ ಬದಲಾಗುತ್ತದೆ, ಆದರೆ ಬೆಲೆಯನ್ನು ದಿನದಿಂದ ಭಾಗಿಸಿ ನೋಡುವುದನ್ನು ಮಾತ್ರ ಬಿಡಬೇಡಿ. 28 ದಿನದ ಪ್ಯಾಕ್ ತಿಂಗಳಿನದಲ್ಲ, ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕಾಗುತ್ತದೆ. ನಾವು ಹಾಕಿಸುತ್ತಿದ್ದದ್ದು 28 ದಿನಕ್ಕೆ 299ರದ್ದು. ಹದಿಮೂರು ಸಲಕ್ಕೆ 3887. ಅದರ ಬದಲು 1849. ಇಬ್ಬರಿಂದ ವರ್ಷಕ್ಕೆ 4076 ರೂಪಾಯಿ ಉಳಿಯಿತು.

ಈ ಪ್ಯಾಕ್‌ಗಳು ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದಿಲ್ಲ, ಕೆಳಗಿಳಿದು ಹುಡುಕಬೇಕು. ಅಂಗಡಿಯಲ್ಲಾದರೆ "ಬರೀ ಕಾಲಿಂದು ಕೊಡಿ" ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆಂದು ರೀಚಾರ್ಜನ್ನೇ ನಿಲ್ಲಿಸುವುದು ಉಳಿತಾಯವಲ್ಲ. ಬ್ಯಾಂಕಿನ ಒಟಿಪಿ, ಗ್ಯಾಸ್ ಸಿಲಿಂಡರ್ ಬುಕಿಂಗ್ ಎಲ್ಲ ಆಯಿಯ ನಂಬರಿಗೇ ಜೋಡಿಸಿದೆ.

ಈ ಲೆಕ್ಕ ಕೂಡಿಬಂದದ್ದು ಫೈಬರ್‌ನಿಂದ. ನಮ್ಮ ಯೋಜನೆ 399 ರೂಪಾಯಿಯದು, ಶೇಕಡಾ 18ರ ಜಿಎಸ್‌ಟಿ ಸೇರಿ ಬಿಲ್ 471. ಮೊಬೈಲ್ ರೀಚಾರ್ಜಿನ ದರದಲ್ಲಿ ತೆರಿಗೆ ಒಳಗೇ ಇರುತ್ತದೆ, ಫೈಬರ್‌ನಲ್ಲಿ ಸಾಮಾನ್ಯವಾಗಿ ಮೇಲೆ ಬೀಳುತ್ತದೆ. ಎರಡನ್ನೂ ಹೋಲಿಸುವಾಗ ಇದು ನೆನಪಿರಲಿ. ಫೈಬರ್ ಡಬ್ಬಿಯ ಹಿಂದೆ ಫೋನಿನ ವೈರ್ ಚುಚ್ಚುವ ಕಿಂಡಿ ಇದೆ. ಅಟ್ಟದ ಮೇಲಿದ್ದ ಹಳೇ ಲ್ಯಾಂಡ್‌ಲೈನ್ ಸೆಟ್ ಒರೆಸಿ ಅದಕ್ಕೇ ಜೋಡಿಸಿದೆ. 08384ರ ನಂಬರ್ ಮತ್ತೆ ಮನೆಗೆ ಬಂತು, ಮಾತಿಗೆ ಬೇರೆ ದುಡ್ಡಿಲ್ಲ. 2021ರ ಜನವರಿಯಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು. ಆಯಿ ಗೋಡೆಗೆ ಅಂಟಿಸಿಕೊಂಡ ಪಟ್ಟಿಯಲ್ಲಿ ಪ್ರತಿ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ಸೊನ್ನೆ ಬರೆದುಕೊಟ್ಟೆ. ಈಗ ಅವಳು ಯಾರನ್ನೂ ಕೇಳದೆ ತಂಗಿಗೆ ಫೋನ್ ಮಾಡುತ್ತಾಳೆ. ಉಳಿದ ದುಡ್ಡಿಗಿಂತ ನನಗೆ ಇದೇ ಹೆಚ್ಚು ಸಮಾಧಾನ ಕೊಟ್ಟಿದೆ.

ಸ್ಮಾರ್ಟ್‌ಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ನಿಮ್ಮ ಕಂಪನಿ ಮತ್ತು ಸೆಟ್ ಎರಡರಲ್ಲೂ ಆ ಸೌಲಭ್ಯ ಇರಬೇಕು. ಇದ್ದರೆ ಟವರ್ ಸಿಗದ ಒಳಕೋಣೆಯಲ್ಲೂ ಅದೇ ನಂಬರಿಗೆ ಕರೆ ಬರುತ್ತದೆ. ರೇಂಜಿಗಾಗಿ ಎರಡನೇ ಸಿಮ್ ಇಟ್ಟುಕೊಂಡ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಅಂಥವರಿಗೆ ಒಂದು ರೀಚಾರ್ಜೇ ಉಳಿಯುತ್ತದೆ.

ಮಳೆಗಾಲದ ವಿಷಯ ಬೇರೆಯೇ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರ್ ಡಬ್ಬಿ ಹಾಗಲ್ಲ. ನಮ್ಮದು 12 ವೋಲ್ಟಿನದು, ಅದಕ್ಕೆ ಸರಿಹೊಂದುವ ಸಣ್ಣ ಯುಪಿಎಸ್ ತಂದು ಹಾಕಿದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಬರೆದುಕೊಂಡು ಹೋಗಿ. ಡಬ್ಬಿಯಲ್ಲಿ ಎಲ್‌ಒಎಸ್ ಎಂಬಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕಿನ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ನಮ್ಮಲ್ಲಿ ಹೆಚ್ಚಾಗಿ ಎಲ್ಲೋ ಕೊಂಬೆ ಬಿದ್ದು ಕೇಬಲ್ ಕಡಿದಿರುತ್ತದೆ. ಸ್ವಿಚ್ ಆಫ್ ಆನ್ ಮಾಡುತ್ತ ಕೂರದೆ ನೇರ ಲೈನಿನವರಿಗೆ ಹೇಳಿ.

ಕಂಪನಿಯನ್ನೇ ಬದಲಿಸುವುದಾದರೆ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಎಂಟು ಅಕ್ಷರದ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನದ ಆಯಸ್ಸು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಉಳಿದ ಪ್ಯಾಕ್ ಜೊತೆಗೆ ಬರುವುದಿಲ್ಲ. ಹಾಗಾಗಿ ಪ್ಯಾಕ್ ಮುಗಿಯುವ ವಾರದಲ್ಲೇ ಮಾಡುವುದು ಒಳ್ಳೆಯದು. ಅದಕ್ಕೂ ಮುಂಚೆ ಆ ಕಂಪನಿಯ ಸಿಮ್ ಇರುವ ನೆಂಟರು ಬಂದಾಗ ತೋಟ, ಕೊಟ್ಟಿಗೆ, ಜಗಲಿ ಎಲ್ಲ ಕಡೆ ರೇಂಜ್ ನೋಡಿಕೊಳ್ಳಿ. ಪಕ್ಕದ ಮನೆಯಲ್ಲಿ ಸಿಗುವ ಟವರ್ ನಮ್ಮ ಗುಡ್ಡದ ಮರೆಯಲ್ಲಿ ಸಿಗಬೇಕೆಂದಿಲ್ಲ.

ಒಂದೇ ಸಲ ವರ್ಷದ ದುಡ್ಡು ಕೊಡುವುದು ಭಾರ ಅನಿಸುವವರಿಗೆ 84 ದಿನದ್ದೇ ಸರಿ. ನಾನು ವರ್ಷದ್ದನ್ನು ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಹೊಂದಿಸಿಕೊಂಡಿದ್ದೇನೆ. ಮುಗಿಯುವ ತಾರೀಕು ಆಯಿಯ ನಂಬರ್ ಪಟ್ಟಿಯ ಕೆಳಗೇ ಇದೆ.