ವಾಷಿಂಗ್ಟನ್ ರಾಜ್ಯದ ‘ವಾ ಕೇರ್ಸ್’: ಸಂಬಳದಲ್ಲಿ ಮುರಿದುಕೊಳ್ಳುವ ಹಣ ಯಾರಿಗೆ, ಯಾವಾಗ?

ಬೆಲ್‌ವ್ಯೂ, ರೆಡ್ಮಂಡ್ ಕಡೆ ನೆಲೆಸಿರುವ ಕನ್ನಡಿಗರು ಸಂಬಳದ ಚೀಟಿಯಲ್ಲಿ ‘ವಾ ಕೇರ್ಸ್’ (ಮುಪ್ಪಿನಲ್ಲೋ ಕಾಯಿಲೆಯಲ್ಲೋ ಬೇಕಾಗುವ ದೀರ್ಘಾವಧಿ ಆರೈಕೆಗೆ ರಾಜ್ಯದ ಕಡ್ಡಾಯ ವಿಮೆ) ಎಂಬ ಕಡಿತ ಕಂಡಾಗ ಕೇಳುವ ಮೊದಲ ಪ್ರಶ್ನೆ: ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೆ ಇದರಿಂದ ಏನಾದರೂ ಸಿಗುತ್ತದೆಯೇ? ಸಿಗುವುದಿಲ್ಲ. ಯಾರ ಸಂಬಳದಿಂದ ಹಣ ಹೋಗಿದೆಯೋ ಅವರ ಮುಪ್ಪಿಗೆ, ಅವರ ಕಾಯಿಲೆಗೆ ಮಾತ್ರ.

ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರು ಬಹಳ ಮಂದಿ. ಮೆಡಿಕೇರ್ ಚಿಕಿತ್ಸೆಗೆ ಕೊಡುತ್ತದೆ. ವರ್ಷಗಟ್ಟಲೆ ಸ್ನಾನ ಮಾಡಿಸುವ, ಊಟ ಮಾಡಿಸುವ ಆರೈಕೆಗೆ ಕೊಡುವುದಿಲ್ಲ. ಬಡವರಿಗೆಂದೇ ಇರುವ ಮೆಡಿಕೇಡ್ ಕೊಡುತ್ತದೆ, ಅದೂ ಉಳಿತಾಯ ಬಹುಪಾಲು ಕರಗಿದ ಮೇಲೆ. ಈ ಕಂದಕ ತುಂಬಲು ವಾಷಿಂಗ್ಟನ್ 2019ರಲ್ಲಿ ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥ ಕಡ್ಡಾಯ ವಿಮೆ ತಂದ ಮೊದಲ ರಾಜ್ಯ ಅದೇ. ಕಡಿತ ಶುರುವಾದದ್ದು 2023ರ ಜುಲೈಯಲ್ಲಿ. ಸೌಲಭ್ಯ ಸಿಗುವುದು 2026ರ ಜುಲೈ 1ರಿಂದ. ಇಷ್ಟವಿದ್ದವರು ಮಾತ್ರ ಕಟ್ಟಲಿ ಎಂಬ ಪ್ರಸ್ತಾವವನ್ನು 2024ರ ನವೆಂಬರಿನಲ್ಲಿ ಮತದಾರರು ತಿರಸ್ಕರಿಸಿದರು. ಸರಿಯಾಗಿಯೇ ಮಾಡಿದರು. ಗಟ್ಟಿಮುಟ್ಟಾಗಿರುವವರೆಲ್ಲ ಹೊರನಡೆದರೆ ಯಾವ ವಿಮಾ ನಿಧಿಯೂ ಉಳಿಯುವುದಿಲ್ಲ.

ಕಡಿತ ಸಂಬಳದ ಶೇ. 0.58. ಒಂದೂವರೆ ಲಕ್ಷ ಡಾಲರ್ ಸಂಬಳಕ್ಕೆ ವರ್ಷಕ್ಕೆ 870 ಡಾಲರ್. ಸೋಶಿಯಲ್ ಸೆಕ್ಯುರಿಟಿಗೆ (ಕೇಂದ್ರ ಸರ್ಕಾರದ ಪಿಂಚಣಿ ಕಡಿತಕ್ಕೆ) ಇರುವಂಥ ಸಂಬಳದ ಮಿತಿ ಇದಕ್ಕಿಲ್ಲ. ಸಿಗುವ ಮೊತ್ತವೋ ಎಲ್ಲರಿಗೂ ಒಂದೇ: ಜೀವಮಾನಕ್ಕೆ 36,500 ಡಾಲರ್, ಬೆಲೆಯೇರಿಕೆಗೆ ತಕ್ಕಂತೆ ಹೊಂದಾಣಿಕೆಯಾಗುತ್ತದೆ. ಸಾಫ್ಟ್‌ವೇರ್ ಎಂಜಿನಿಯರನಿಗೂ ಅಂಗಡಿಯ ಕ್ಯಾಷಿಯರಿಗೂ ಅಷ್ಟೇ. ವಾರಕ್ಕೆ 20 ಗಂಟೆ ಮನೆಗೆ ಸಹಾಯಕರು ಬಂದರೆ ಸುಮಾರು ಒಂದು ವರ್ಷಕ್ಕೆ ಸಾಕಾಗಬಹುದು. ನರ್ಸಿಂಗ್ ಹೋಮಿಗಾದರೆ ಕೆಲವೇ ತಿಂಗಳು. ಇದನ್ನು ನಂಬಿ ಮುಪ್ಪಿನ ಯೋಜನೆಯನ್ನೇ ಕೈಬಿಡಬೇಡಿ.

ಸ್ನಾನ, ಉಡುಗೆ, ಊಟ, ಓಡಾಟ, ಔಷಧಿ ತೆಗೆದುಕೊಳ್ಳುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಕನಿಷ್ಠ ಮೂರಕ್ಕೆ ನೆರವು ಬೇಕಾದಾಗ ಅರ್ಜಿ ಹಾಕಬಹುದು. ಹಣ ನಿಮ್ಮ ಕೈಗೆ ಬರುವುದಿಲ್ಲ, ಸೇವೆ ಕೊಟ್ಟವರಿಗೆ ಹೋಗುತ್ತದೆ. ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ, ಗಾಲಿಕುರ್ಚಿಗೆ ಇಳಿಜಾರು, ಮನೆಗೆ ತಲುಪಿಸುವ ಊಟ ಇವಕ್ಕೂ ಬಳಸಬಹುದು. ಸಂಗಾತಿಯೋ ಮಕ್ಕಳೋ ನೋಡಿಕೊಳ್ಳುವುದಾದರೆ, ನೋಂದಾಯಿಸಿಕೊಂಡ ಮೇಲೆ ಅವರಿಗೂ ಸಂಬಳವಿದೆ. ನಮ್ಮ ಮನೆಗಳಲ್ಲಿ ಸೊಸೆಯಂದಿರು ಬಿಟ್ಟಿ ಮಾಡಿಕೊಂಡು ಬಂದ ಕೆಲಸಕ್ಕೆ ಒಂದು ಸರ್ಕಾರ ಬೆಲೆ ಕಟ್ಟಿದೆಯಲ್ಲ, ಈ ಕಾನೂನಿನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದು.

ಪೂರ್ಣ ಅರ್ಹತೆಗೆ ಹತ್ತು ವರ್ಷ ಕಟ್ಟಿರಬೇಕು. ಅಕಸ್ಮಾತ್ ಬೇಗ ಅಗತ್ಯ ಬಿದ್ದರೆ, ಅರ್ಜಿಯ ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷ ಕಟ್ಟಿದ್ದರೂ ಸಾಕು. ಎರಡಕ್ಕೂ ವರ್ಷಕ್ಕೆ 500 ಗಂಟೆ ಕೆಲಸ ಆಗಿರಬೇಕು. 1968ಕ್ಕಿಂತ ಮೊದಲು ಹುಟ್ಟಿದವರಿಗೆ ಕಟ್ಟಿದ ಪ್ರತಿ ವರ್ಷಕ್ಕೆ ಶೇ. 10ರಷ್ಟು ಸೌಲಭ್ಯ ದಕ್ಕುತ್ತದೆ.

ಎಚ್-1ಬಿಯಂಥ ತಾತ್ಕಾಲಿಕ ಉದ್ಯೋಗ ವೀಸಾದವರು 2026ರಿಂದ ತಾವಾಗಿಯೇ ಹೊರಗುಳಿಯುತ್ತಾರೆ, ಬೇಕೆಂದವರು ಸೇರಿಕೊಳ್ಳಬಹುದು. ನಾಲ್ಕೈದು ವರ್ಷ ದುಡಿದು ಊರಿಗೆ ಹಿಂದಿರುಗುವವರಿಗೆ ಅದೇ ಲೇಸು. ಆದರೆ ಗ್ರೀನ್ ಕಾರ್ಡ್ ಸರದಿಯಲ್ಲಿ ಹತ್ತಾರು ವರ್ಷ ಕಾಯುತ್ತಿರುವ ನಮ್ಮವರು ಕೊಂಚ ಯೋಚಿಸಬೇಕು: ಇಲ್ಲಿಯೇ ಮುಪ್ಪು ಕಳೆಯುವವರಾದರೆ ಕಾಯುವ ಆ ವರ್ಷಗಳೇ ಅರ್ಹತೆಯ ವರ್ಷಗಳೂ ಆಗುತ್ತವೆ. ವಿನಾಯಿತಿ ಪಡೆದವರು ಗ್ರೀನ್ ಕಾರ್ಡ್ ಬಂದ 90 ದಿನದೊಳಗೆ ಕಂಪನಿಗೂ ರಾಜ್ಯದ ಉದ್ಯೋಗ ಭದ್ರತಾ ಇಲಾಖೆಗೂ ತಿಳಿಸಬೇಕು. ಸಂಭ್ರಮದಲ್ಲಿ ಇದನ್ನು ಮರೆತರೆ ಬಾಕಿಯನ್ನು ಬಡ್ಡಿಸಮೇತ ಕಟ್ಟಬೇಕಾದೀತು.

ಟೆಕ್ಸಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹೊರಟವರು ಮೊದಲಾದರೆ ಕಟ್ಟಿದ್ದನ್ನು ಬಿಟ್ಟೇ ಹೋಗಬೇಕಿತ್ತು. 2024ರ ತಿದ್ದುಪಡಿಯಿಂದಾಗಿ, ಕನಿಷ್ಠ ಮೂರು ವರ್ಷ ಕಟ್ಟಿದವರು 2026ರ ಜುಲೈಯಿಂದ ಮುಂದುವರಿಸಬಹುದು. ರಾಜ್ಯ ಬಿಟ್ಟ ಒಂದು ವರ್ಷದೊಳಗೆ ತಿಳಿಸಿದರೆ ಮಾತ್ರ. ಹೊರರಾಜ್ಯದಲ್ಲಿ ಸೌಲಭ್ಯ ಸಿಗುವುದು 2030ರ ಜುಲೈಯಿಂದ.