ವೆಬ್ ಪುಟದ ಕೋಡ್‌ಗೆ ಹಗುರವಾಗಿ ಬಣ್ಣ ಹಚ್ಚುವುದು ಹೇಗೆ?

ಪೈಥಾನ್ ಪಾಠವೊಂದನ್ನು ಬರೆದು ವೆಬ್ ಪುಟಕ್ಕೆ ಏರಿಸಿದ್ದೀರಿ. ವಿವರಣೆ ಅಚ್ಚುಕಟ್ಟಾಗಿದೆ, ಆದರೆ ಕೋಡ್ ಮಾತ್ರ ಕಪ್ಪು ಅಕ್ಷರಗಳ ಮುದ್ದೆಯಂತೆ ಕೂತಿದೆ. ಟಿಪ್ಪಣಿ ಎಲ್ಲಿ ಮುಗಿಯಿತು, ಆದೇಶ ಎಲ್ಲಿ ಶುರುವಾಯಿತು ಎಂದು ಹುಡುಕುವುದರಲ್ಲೇ ಹೊಸದಾಗಿ ಕಲಿಯುವವರ ಅರ್ಧ ಶಕ್ತಿ ಕರಗಿಹೋಗುತ್ತದೆ. ಟಿಪ್ಪಣಿಗೊಂದು, ಸ್ಟ್ರಿಂಗ್‌ಗೊಂದು (ಉದ್ಧರಣ ಚಿಹ್ನೆಗಳ ನಡುವಿನ ಪಠ್ಯ), ಕೀವರ್ಡ್‌ಗೊಂದು (ಭಾಷೆ ತನಗಾಗಿ ಮೀಸಲಿಟ್ಟ ಪದ) ಬಣ್ಣ ಕೊಟ್ಟರೆ ಕಣ್ಣಿಗೆ ದಾರಿ ಸಿಗುತ್ತದೆ. ಇದೇ ಸಿಂಟ್ಯಾಕ್ಸ್ ಹೈಲೈಟಿಂಗ್. ಈ ಉಪಾಯ ಹಳೆಯದು. ಐಬಿಎಂನ ಮೈಕ್ ಕೌಲಿಶಾ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಗಣಕೀಕರಣಕ್ಕಾಗಿ 1980ರ ದಶಕದ ನಡುವೆ ರೂಪಿಸಿದ ಲೆಕ್ಸ್ ಎಂಬ ಎಡಿಟರ್‌ನಲ್ಲೇ ಪಠ್ಯದ ಭಾಗಗಳು ಬಣ್ಣಬಣ್ಣವಾಗಿ ಕಾಣುತ್ತಿದ್ದವು.

ಬಣ್ಣ ಹಚ್ಚುವುದು ಕಷ್ಟವೇನಲ್ಲ, ಪುಟವನ್ನು ಭಾರ ಮಾಡದೆ ಹಚ್ಚುವುದರಲ್ಲಿ ಕೆಲಸವಿದೆ. ನಮ್ಮ ಪಾಠಗಳನ್ನು ಓದುವ ಬಹಳಷ್ಟು ವಿದ್ಯಾರ್ಥಿಗಳ ಕೈಯಲ್ಲಿರುವುದು ಸಾಧಾರಣ ಮೊಬೈಲ್, ಕೆಲವೊಮ್ಮೆ ಒಂದೇ ಗೆರೆಯ ಸಿಗ್ನಲ್. ಹತ್ತು ಸಾಲಿನ ಕೋಡ್‌ಗೆ ಬಣ್ಣ ಬರಲೆಂದು ನೂರಾರು ಕೆಬಿ ಇಳಿಸಿಕೊಳ್ಳುವಂತೆ ಅವರಿಗೆ ಹೇಳುವುದು ನ್ಯಾಯವಲ್ಲ. (ಟ್ಯಾಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಮೊದಲು ಕೋಡ್ ಸರಿಯಾಗಿ ಕೂರಲಿ

ಕೋಡ್ ಇಡೀ ಪ್ರೀ ಟ್ಯಾಗ್‌ನೊಳಗೆ ಇರಬೇಕು, ಅದರೊಳಗೆ ಕೋಡ್ ಟ್ಯಾಗ್ ಬರಬೇಕು. ಸಾಲಿನ ಆರಂಭದ ಖಾಲಿ ಜಾಗವನ್ನು ಉಳಿಸುವುದು ಪ್ರೀ. ಪೈಥಾನ್‌ನಲ್ಲಿ ಆ ಖಾಲಿ ಜಾಗಕ್ಕೇ ಅರ್ಥವಿರುವುದರಿಂದ ಅದು ಹೋದರೆ ಕೋಡೇ ಹೋದಂತೆ. ಕೋಡ್ ಟ್ಯಾಗ್‌ಗೆ "ಲ್ಯಾಂಗ್ವೇಜ್" ಎಂದು ಆರಂಭವಾಗಿ, ಅಡ್ಡಗೆರೆಯ ನಂತರ ಭಾಷೆಯ ಹೆಸರಿರುವ ಕ್ಲಾಸ್ ಕೊಡಿ. ಎಚ್‌ಟಿಎಂಎಲ್ ನಿಯಮಾವಳಿಯೇ ಸೂಚಿಸುವ ರೂಢಿ ಇದು, ಹೆಚ್ಚಿನ ಉಪಕರಣಗಳು ಇದನ್ನೇ ಹುಡುಕುತ್ತವೆ.

ಎರಡು ಕಡೆ ಎಡವುವ ಸಾಧ್ಯತೆಯಿದೆ. ಪ್ರೀ ಟ್ಯಾಗ್‌ನ ಬೆನ್ನಿಗೇ ಎಂಟರ್ ಒತ್ತಿದರೆ ಬ್ರೌಸರ್ ಆ ಸಾಲನ್ನು ಬಿಟ್ಟುಬಿಡುತ್ತದೆ. ಆದರೆ ಕೋಡ್ ಟ್ಯಾಗ್ ತೆರೆದ ಮೇಲೆ ಎಂಟರ್ ಒತ್ತಿದರೆ ಬಿಡುವುದಿಲ್ಲ, ಪೆಟ್ಟಿಗೆಯ ತಲೆಯ ಮೇಲೆ ಒಂದು ಖಾಲಿ ಸಾಲು ಉಳಿಯುತ್ತದೆ. ಹಾಗಾಗಿ ಕೋಡ್‌ನ ಮೊದಲ ಸಾಲನ್ನು ಟ್ಯಾಗ್‌ಗೆ ಅಂಟಿಸಿಯೇ ಬರೆಯಿರಿ. ಇನ್ನೊಂದು, ಕೋಡ್‌ನೊಳಗಿನ & ಮತ್ತು < ಚಿಹ್ನೆಗಳು. ಇವನ್ನು ಹಾಗೆಯೇ ಬಿಟ್ಟರೆ ಬ್ರೌಸರ್ ತನಗೆ ಹೇಳಿದ್ದೆಂದು ತಿಳಿದುಕೊಳ್ಳುತ್ತದೆ. & ಇದ್ದಲ್ಲಿ &#38; ಎಂದೂ < ಇದ್ದಲ್ಲಿ &#60; ಎಂದೂ ಬರೆಯಿರಿ. ಎಡಿಟರ್‌ನಲ್ಲಿ ಒಟ್ಟಿಗೆ ಬದಲಿಸುವಾಗ & ಅನ್ನು ಮೊದಲು ಬದಲಿಸಬೇಕು. ತಿರುಗುಮುರುಗಾದರೆ ಹೊಸದಾಗಿ ಬಂದ &#60; ಒಳಗಿನ & ಕೂಡ ಬದಲಾಗಿ ಎಲ್ಲವೂ ಕೆಡುತ್ತದೆ.

ಬಣ್ಣದ ಸ್ಕ್ರಿಪ್ಟ್ ಬರುವ ಮುನ್ನವೇ ಪುಟವನ್ನು ಒಮ್ಮೆ ತೆರೆದು ನೋಡಿ. ಬಣ್ಣವಿಲ್ಲದೆಯೂ ಕೋಡ್ ಸ್ಪಷ್ಟವಾಗಿ ಓದಲು ಬರುತ್ತಿದ್ದರೆ ಮುಂದುವರಿಯಿರಿ. ನೆಟ್‌ವರ್ಕ್ ಕೈಕೊಟ್ಟ ದಿನ ಓದುಗರಿಗೆ ಕಾಣುವುದು ಇದೇ ರೂಪ.

ಸಿದ್ಧ ದಾರಿಗಳು

ಪುಟಗಳನ್ನು ಜೆಕಿಲ್ ಅಥವಾ ಹ್ಯೂಗೊದಂಥ ಸಾಧನದಿಂದ ತಯಾರಿಸುತ್ತಿದ್ದರೆ ನಿಮ್ಮ ಕೆಲಸ ಬಹುಪಾಲು ಮುಗಿದಂತೆಯೇ. ಜೆಕಿಲ್ ಜೊತೆ ರೂಜ್, ಹ್ಯೂಗೊ ಜೊತೆ ಕ್ರೋಮಾ ಬರುತ್ತವೆ. ಪೈಥಾನ್ ಬಳಸುವವರಿಗೆ ಪಿಗ್ಮೆಂಟ್ಸ್ ಇದೆ. ಇವು ಪುಟ ತಯಾರಾಗುವಾಗಲೇ ಕೋಡ್ ಅನ್ನು ಬಿಡಿಸಿ, ಒಂದೊಂದು ತುಣುಕನ್ನೂ ಸುತ್ತುವರಿಯುವ ಸ್ಪ್ಯಾನ್ ಟ್ಯಾಗ್‌ಗಳನ್ನು ಸೇರಿಸಿಬಿಡುತ್ತವೆ. ಬಣ್ಣಕ್ಕಾಗಿ ಓದುಗರ ಮೊಬೈಲ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಬೇಕಾಗಿಲ್ಲ, ಬಣ್ಣಗಳನ್ನು ಹೇಳುವ ಪುಟ್ಟದೊಂದು ಸಿಎಸ್‌ಎಸ್ ಫೈಲ್ ಸಾಕು. ಸಾಧ್ಯವಿದ್ದವರು ಇದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಸ್ಪಷ್ಟ ಸಲಹೆ.

ಆ ಅನುಕೂಲವಿಲ್ಲದವರಿಗೆ ಪ್ರಿಸಂ ಇದೆ. ಲೀಯಾ ವೆರೂ 2012ರಲ್ಲಿ ಹೊರತಂದ ಈ ಸಾಧನದ ತಿರುಳು ಸಂಕುಚಿತ ರೂಪದಲ್ಲಿ 2 ಕೆಬಿ ಆಸುಪಾಸು, ಒಂದೊಂದು ಭಾಷೆಗೆ ಇನ್ನೊಂದು ಅರ್ಧ ಕೆಬಿ. ಡೌನ್‌ಲೋಡ್ ಪುಟದಲ್ಲಿ ನಿಮಗೆ ಬೇಕಾದ ಭಾಷೆಗಳಿಗೆ ಮಾತ್ರ ಗುರುತು ಹಾಕಿ, ಫೈಲನ್ನು ನಿಮ್ಮ ತಾಣದಲ್ಲೇ ಇಟ್ಟುಕೊಂಡು, ಸ್ಕ್ರಿಪ್ಟ್ ಟ್ಯಾಗ್‌ಗೆ ಡಿಫರ್ ಎಂಬ ಗುಣ ಸೇರಿಸಿ. ಪುಟದ ಪಠ್ಯ ಮೊದಲು ಕಾಣುತ್ತದೆ, ಬಣ್ಣ ಆಮೇಲೆ ಬರುತ್ತದೆ. ಹೈಲೈಟ್ ಜೆಎಸ್ ಎಂಬ ಇನ್ನೊಂದು ಸಾಧನ ಕೋಡ್ ನೋಡಿಯೇ ಭಾಷೆ ಯಾವುದೆಂದು ಊಹಿಸಬಲ್ಲದು. ಆದರೆ ಎರಡು ಮೂರು ಸಾಲಿನ ತುಣುಕಿನಲ್ಲಿ ಊಹೆ ತಪ್ಪುವುದುಂಟು. ಯಾವ ಸಾಧನ ಬಳಸಿದರೂ ಭಾಷೆಯ ಹೆಸರನ್ನು ನೀವೇ ಹೇಳಿಬಿಡಿ.

ನಾವೇ ಬರೆದರೆ?

ಒಂದೇ ಭಾಷೆಯ ಪಾಠಗಳಾದರೆ ಮೂವತ್ತು ಸಾಲಿನ ಜಾವಾಸ್ಕ್ರಿಪ್ಟ್‌ನಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು, ಭಾಷೆಯನ್ನು ಕಂಪ್ಯೂಟರ್ ಹೇಗೆ ಓದುತ್ತದೆ ಎಂಬುದರ ಮೊದಲ ಪಾಠ ಇಲ್ಲೇ ಸಿಗುತ್ತದೆ.

ಎಲ್ಲರೂ ಮೊದಲು ಮಾಡುವುದು ಹೀಗೆ: ಕೀವರ್ಡ್‌ಗಳನ್ನು ಹುಡುಕಿ ಬಣ್ಣ ಹಚ್ಚುವುದು, ಆಮೇಲೆ ಸ್ಟ್ರಿಂಗ್‌ಗಳು, ಆಮೇಲೆ ಟಿಪ್ಪಣಿಗಳು. ಈಗ ಈ ಸಾಲನ್ನು ನೋಡಿ:

ಬಣ್ಣ = "#767676"  # ಬೂದು

ಇಲ್ಲಿ # ಎರಡು ಸಲ ಬಂದಿದೆ. ಮೊದಲನೆಯದು ಸ್ಟ್ರಿಂಗ್‌ನ ಭಾಗ, ಎರಡನೆಯದು ಮಾತ್ರ ಟಿಪ್ಪಣಿ. ಒಂದೊಂದನ್ನೂ ಬೇರೆಬೇರೆ ಸುತ್ತಿನಲ್ಲಿ ಹುಡುಕುವ ಕಾರ್ಯಕ್ರಮಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಅರ್ಧ ಸ್ಟ್ರಿಂಗ್ ಟಿಪ್ಪಣಿಯ ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಕೆಟ್ಟದ್ದೊಂದಿದೆ. "ಕ್ಲಾಸ್" ಎಂಬುದು ಪೈಥಾನ್ ಕೀವರ್ಡ್ ಕೂಡ ಹೌದು. ಒಂದು ಸುತ್ತಿನಲ್ಲಿ ನೀವೇ ಸೇರಿಸಿದ ಸ್ಪ್ಯಾನ್ ಟ್ಯಾಗ್‌ನೊಳಗಿನ ಕ್ಲಾಸ್ ಪದವನ್ನು ಮುಂದಿನ ಸುತ್ತು ಕೀವರ್ಡ್ ಎಂದು ಹಿಡಿದು ಮತ್ತೊಂದು ಟ್ಯಾಗ್ ತುರುಕುತ್ತದೆ.

ಪರಿಹಾರ ಸರಳ: ಒಂದೇ ಸುತ್ತು. ಟಿಪ್ಪಣಿ, ಸ್ಟ್ರಿಂಗ್, ಅಂಕಿ, ಪದ, ಈ ನಾಲ್ಕರ ಮಾದರಿಗಳನ್ನು ಇದೇ ಕ್ರಮದಲ್ಲಿ | ಚಿಹ್ನೆಯಿಂದ ಜೋಡಿಸಿ ಒಂದೇ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸೂತ್ರ) ಮಾಡಿ. ಟಿಪ್ಪಣಿಗೆ #.* ಸಾಕು. ಸ್ಟ್ರಿಂಗ್‌ಗೆ "(\\.|[^"\\])*" ಎಂಬ ಮಾದರಿ, ಒಂಟಿ ಉದ್ಧರಣ ಚಿಹ್ನೆಗೂ ಇಂಥದ್ದೇ ಇನ್ನೊಂದು. ಅಂಕಿಗೆ [0-9]+ ಸಾಕು. ಹುಡುಕಾಟ ಎಡದಿಂದ ಬಲಕ್ಕೆ ಸಾಗುತ್ತದೆ. ಯಾವುದು ಮೊದಲು ಶುರುವಾಗುತ್ತದೋ ಅದು ತನ್ನ ಕೊನೆಯವರೆಗಿನ ಅಕ್ಷರಗಳನ್ನೆಲ್ಲ ಬಾಚಿಕೊಳ್ಳುವುದರಿಂದ ಸ್ಟ್ರಿಂಗ್‌ನೊಳಗಿನ # ಇನ್ನಾರ ಕೈಗೂ ಸಿಗುವುದಿಲ್ಲ. ಮೂರು ಉದ್ಧರಣ ಚಿಹ್ನೆಗಳ """ ಸ್ಟ್ರಿಂಗ್‌ನ ಮಾದರಿಯನ್ನು ಮಾತ್ರ ಒಂದು ಚಿಹ್ನೆಯದಕ್ಕಿಂತ ಮೊದಲೇ ಇಡಬೇಕು. ಇಲ್ಲವಾದರೆ ಮೊದಲೆರಡು ಚಿಹ್ನೆಗಳು ಖಾಲಿ ಸ್ಟ್ರಿಂಗ್ ಎಂದು ಲೆಕ್ಕವಾಗಿಬಿಡುತ್ತವೆ.

ಕೀವರ್ಡ್‌ಗೆ ಪ್ರತ್ಯೇಕ ಮಾದರಿ ಬೇಡ. ಪೂರ್ತಿ ಪದವನ್ನು ಹಿಡಿದು, ಅದು ಕೀವರ್ಡ್ ಪಟ್ಟಿಯಲ್ಲಿದೆಯೇ ಎಂದು ನೋಡಿದರಾಯಿತು. ಇಲ್ಲಿ ಕನ್ನಡದ ಪ್ರಶ್ನೆಯೊಂದು ಎದುರಾಗುತ್ತದೆ, ಇದರ ಬಗ್ಗೆ ಬರೆಯಬೇಕೆಂದೇ ಈ ಲೇಖನಕ್ಕೆ ಕೈಹಾಕಿದೆ. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ ಕನ್ನಡ ಹೆಸರಿಡಬಹುದು:

ಬೆಲೆ2 = 40
ಒಟ್ಟು = ಬೆಲೆ2 * 3

ಇದು ಹಾಗೆಯೇ ಓಡುವ ಕೋಡ್. ಆದರೆ ಜಾವಾಸ್ಕ್ರಿಪ್ಟ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ಪದದ ಅಕ್ಷರವನ್ನೂ ಪದದ ಗಡಿಯನ್ನೂ ಗುರುತಿಸುವ ಹಳೆಯ ಸಂಕೇತಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೆ ಯಾವುದೂ ಪದವಲ್ಲ. ಅವುಗಳ ಪಾಲಿಗೆ "ಬೆಲೆ" ಖಾಲಿ ಜಾಗವಿದ್ದಂತೆ. ಅದರ ಬಾಲದ 2 ಮಾತ್ರ ಅಂಕಿಯ ಬಣ್ಣದಲ್ಲಿ ಹೊಳೆಯುತ್ತದೆ, ಒಂದೇ ಹೆಸರು ಎರಡು ತುಂಡಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಎಕ್ಸ್‌ಪ್ರೆಶನ್‌ನ ಕೊನೆಗೆ ಯು ಎಂಬ ಗುರುತು ಸೇರಿಸಿ, ಪದದ ಮಾದರಿಯಲ್ಲಿ ಯೂನಿಕೋಡ್ ಗುಣಗಳನ್ನು ಬಳಸಬೇಕು. ಅಕ್ಷರಗಳ ಗುಂಪು ಎಲ್ ಒಂದನ್ನೇ ಕೊಟ್ಟರೆ "ಬ" ಸಿಗುತ್ತದೆ, ಎತ್ವ ಬಿಟ್ಟುಹೋಗುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಸ್ವರಚಿಹ್ನೆಗಳೂ ಅರ್ಧಾಕ್ಷರದ ಹಲಂತ ಚಿಹ್ನೆಯೂ ಎಂ ಎಂಬ ಬೇರೆ ಗುಂಪಿಗೆ ಸೇರಿವೆ. ಎಲ್, ಎಂ, ಅಂಕಿ, ಅಡಿಗೆರೆ ನಾಲ್ಕನ್ನೂ ಸೇರಿಸಿದಾಗ "ಬೆಲೆ2" ಇಡಿಯಾಗಿ ಒಂದು ಪದವಾಗುತ್ತದೆ.

ಸಿಕ್ಕ ತುಣುಕುಗಳನ್ನು ಪುಟಕ್ಕೆ ಹಾಕುವಾಗ, ಪಠ್ಯವನ್ನು ಟ್ಯಾಗ್ ಎಂದು ಓದಿಬಿಡುವ ಇನ್ನರ್ ಎಚ್‌ಟಿಎಂಎಲ್ ಮುಟ್ಟಬೇಡಿ. ಕೋಡ್ ಟ್ಯಾಗ್‌ನ ಟೆಕ್ಸ್ಟ್ ಕಂಟೆಂಟ್ (ಟ್ಯಾಗ್‌ಗಳಿಲ್ಲದ ಬರೀ ಪಠ್ಯ) ಓದಿ, ಪ್ರತಿ ತುಣುಕಿಗೂ ಹೊಸ ಸ್ಪ್ಯಾನ್ ಮಾಡಿ, ಅದರ ಟೆಕ್ಸ್ಟ್ ಕಂಟೆಂಟ್‌ಗೇ ತುಣುಕನ್ನು ತುಂಬಿಸಿ. ಮಾದರಿಗೆ ಸಿಗದೆ ಉಳಿದದ್ದನ್ನು ಬರೀ ಪಠ್ಯವಾಗಿ ಅದರದರ ಜಾಗದಲ್ಲೇ ಸೇರಿಸಿ. ಕೊನೆಗೆ ಬಣ್ಣ ಹಚ್ಚುವ ಮುಂಚಿನ ಮತ್ತು ನಂತರದ ಪಠ್ಯವನ್ನು ಹೋಲಿಸಿ ನೋಡಿ. ಒಂದು ಸ್ಪೇಸ್ ಕೂಡ ಹೆಚ್ಚುಕಡಿಮೆ ಆಗಿರಬಾರದು. ವಿದ್ಯಾರ್ಥಿ ಅದನ್ನು ಕಾಪಿ ಮಾಡಿ ಓಡಿಸುತ್ತಾನೆ.

ಸ್ಪ್ಯಾನ್‌ಗಳೇ ಇಲ್ಲದ ಹೊಸ ದಾರಿಯೂ ಇದೆ. ಸಿಎಸ್‌ಎಸ್ ಕಸ್ಟಮ್ ಹೈಲೈಟ್ ಎಂಬ ಸೌಲಭ್ಯದಲ್ಲಿ ಪಠ್ಯದ ವ್ಯಾಪ್ತಿಯನ್ನಷ್ಟೇ ಬ್ರೌಸರ್‌ಗೆ ತಿಳಿಸಿದರೆ ಸಾಕು. ಕ್ರೋಮ್‌ಗೆ ಇದು 2022ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ 2025ರಲ್ಲಿ. ಹಳೆಯ ಮೊಬೈಲ್‌ಗಳಲ್ಲಿ ಬಣ್ಣ ಕಾಣದಿದ್ದರೂ ಪರವಾಗಿಲ್ಲ ಎನ್ನುವವರು ಬಳಸಬಹುದು. ಬಣ್ಣ, ಹಿನ್ನೆಲೆ, ಅಡಿಗೆರೆಯಂಥವು ಮಾತ್ರ ಇದರಲ್ಲಿ ಸಾಧ್ಯ, ಅಕ್ಷರ ದಪ್ಪ ಮಾಡಲು ಆಗುವುದಿಲ್ಲ.

ಬಣ್ಣ ಮತ್ತು ಸಾಲು

ನಾಲ್ಕು ಬಣ್ಣ ಸಾಕು. ಟಿಪ್ಪಣಿಗಳನ್ನು ಮಾಸಲು ಮಾಡುವ ಚಾಳಿ ಹೆಚ್ಚಿನ ಸಿದ್ಧ ಥೀಮ್‌ಗಳಲ್ಲಿದೆ, ನನಗೆ ಇದು ಒಪ್ಪಿಗೆಯಿಲ್ಲ. ಪಾಠದ ಕೋಡ್‌ನಲ್ಲಿ ಮೇಷ್ಟರು ಮಾತಾಡುವುದೇ ಟಿಪ್ಪಣಿಯಲ್ಲಿ. ಬಿಳಿ ಹಿನ್ನೆಲೆಯ ಮೇಲೆ #999999 ಬೂದು ಬಣ್ಣದ ಕಾಂಟ್ರಾಸ್ಟ್ 2.85ಕ್ಕೆ 1. ವೆಬ್ ಸುಗಮತೆಯ ಮಾರ್ಗಸೂಚಿ ಕೇಳುವುದು ಕನಿಷ್ಠ 4.5ಕ್ಕೆ 1. #767676 ಆ ಗೆರೆಯನ್ನು ಸ್ವಲ್ಪದರಲ್ಲಿ ದಾಟುತ್ತದೆ, ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ಓದುವವರಿಗಾಗಿ ಇನ್ನೂ ಗಾಢವಾಗಿದ್ದರೆ ಒಳ್ಳೆಯದು. ಕೆಂಪು ಹಸಿರುಗಳ ವ್ಯತ್ಯಾಸ ಕಾಣದವರೂ ನಮ್ಮ ಓದುಗರಲ್ಲಿದ್ದಾರೆ, ಆದ್ದರಿಂದ ಕೀವರ್ಡ್‌ಗಳಿಗೆ ಬಣ್ಣದ ಜೊತೆ ದಪ್ಪ ಅಕ್ಷರವನ್ನೂ ಕೊಡಿ.

ಕನ್ನಡ ಟಿಪ್ಪಣಿಗಳಿದ್ದರೆ ಸಾಲಿನ ಎತ್ತರವನ್ನು ಮರೆಯಬೇಡಿ. ಇಂಗ್ಲಿಷ್ ಕೋಡ್‌ಗೆ 1.2 ಅಥವಾ 1.3 ಸಾಕಾಗುತ್ತದೆ. ಆ ಎತ್ತರದಲ್ಲಿ "ಒಟ್ಟು" ಎಂದು ಬರೆದರೆ ಟಕಾರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ನನ್ನ ಪಾಠಗಳಲ್ಲಿ 1.7 ಇಟ್ಟ ಮೇಲೆಯೇ ಒತ್ತಕ್ಷರಗಳು ನಿರಾಳವಾಗಿ ಕೂತವು. ಫಾಂಟ್ ಪಟ್ಟಿಯಲ್ಲಿ ಕೋಡ್ ಫಾಂಟ್‌ನ ನಂತರ ನೋಟೊ ಸಾನ್ಸ್ ಕನ್ನಡ ಸೇರಿಸಿ. ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲವಾದ್ದರಿಂದ ಸಾಲಿನ ಕೊನೆಯ ಟಿಪ್ಪಣಿಗಳನ್ನು ಸ್ಪೇಸ್ ಒತ್ತಿ ಕಂಬದಂತೆ ಜೋಡಿಸಲು ಹೋಗಬೇಡಿ, ಅವನ್ನು ಕೋಡ್‌ನ ಮೇಲಿನ ಸಾಲಿನಲ್ಲೇ ಬರೆಯಿರಿ.

ಪ್ರೀ ಟ್ಯಾಗ್‌ಗೆ ಓವರ್‌ಫ್ಲೋ ಎಕ್ಸ್ ಆಟೊ ಕೊಟ್ಟರೆ ಉದ್ದದ ಸಾಲು ಪೆಟ್ಟಿಗೆಯೊಳಗೇ ಅಡ್ಡ ಸರಿಯುತ್ತದೆ, ಇಡೀ ಪುಟ ಅತ್ತಿತ್ತ ಓಲಾಡುವುದಿಲ್ಲ. ಎಲ್ಲ ಮುಗಿದ ಮೇಲೆ ನಿಮ್ಮ ಮೊಬೈಲ್‌ನಲ್ಲಿ ಪುಟ ತೆರೆದು, ಕೋಡ್ ಕಾಪಿ ಮಾಡಿ, ಪೈಥಾನ್‌ಗೆ ಅಂಟಿಸಿ ಓಡಿಸಿ ನೋಡಿ.